ಮೂಲೆಯ ಮೂರು ಎಳೆ

ಅಯ್ಯೋ, ಹಾಗಲ್ಲ ಕಣೇ ಮಡಚೋದು! ಕೆಂಪು ಹಕ್ಕಿಗರಿ ಹೊಲಿದಿರೋ ಅಂಚು ಮೇಲೆ ಬರ್ಬೇಕು. ಬ್ರಿಸ್ಬೇನಿಗೆ ಹೋಗಿ ಆರೇ ವರ್ಷಕ್ಕೆ ಎಲ್ಲ ಮರೆತ್ಯಾ ಲಾಂಗಿ? ನಗು, ನಗು. ನಿನ್ನಜ್ಜಿ ಇದ್ದಿದ್ರೆ ಕೈಮೇಲೆ ಒಂದು ಬಾರಿಸ್ತಿದ್ಲು.

ಇದ್ದಿದ್ರೆ ಅಂತೀನಿ ನೋಡು... ಗೋಡೆಯಾಚೆ ನಡುಮನೆಯಲ್ಲೇ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ, ನಾನಿಲ್ಲಿ ಗ್ಯಾರೇಜಿನಲ್ಲಿ ಕೂತು ಸಾವಿಗೆ ನೆಂಟರು ಉಡುಗೊರೆ ತಂದ ಚಾಪೆ ಮಡಚ್ತಿದೀನಿ.

ಮತ್ತೆ ಅದೇ ಪ್ರಶ್ನೆ! ಹೇಳಿದ್ನಲ್ಲ, ದಿಢೀರ್ ಅಂತ ಆಗೋಯ್ತು. ಬೆಳಿಗ್ಗೆ ಕೋಕೋ ಕುಡಿದ್ಲು, ಮಧ್ಯಾಹ್ನಕ್ಕೆ ಇಲ್ಲ. ನಿಂಗೆ ಫೋನ್ ಮಾಡೋಕೆ ಪುರಸೊತ್ತೆಲ್ಲಿತ್ತು? ಮಾಡಿದ ಕೂಡ್ಲೇ ಹೊರಟು ಬಂದೆ, ಒಳ್ಳೇದು. ಬಿಡು ಆ ಮಾತು. ಇನ್ನು ಮೂರು ಗಂಟು ಬಿಚ್ಚೋದಿದೆ. ಓತಾರಾ ಬಡಾವಣೆಯ ನೆಂಟರು ತಂದದ್ದು ಅದು, ದೊಡ್ಡದು. ನಿಧಾನ, ಎಳೆ ಕಿತ್ತೀಯ.

ನಾಳೆ ಪಾದ್ರಿ ಏನು ಹೇಳ್ತಾರೋ. ಹೇಳಿದ್ರೆ ಒಂದು ದಿನ ಸಾಲುತ್ತಾ? ನಮ್ಮೀ ಮಾಂಗೆರೆಯಲ್ಲಿ ಯಾರನ್ನ ಬೇಕಾದ್ರೂ ಕೇಳು, ನನ್ನಮ್ಮ ಮಾಸಿನಾ ಅಂದ್ರೆ ಕೈಯೆತ್ತಿ ಮುಗೀತಾರೆ. ಸಮೋವಾ ದ್ವೀಪದಿಂದ ನನ್ನ ಈ ದೇಶಕ್ಕೆ ಕರ್ಕೊಂಡು ಬಂದಾಗ ನಂಗೆ ಏಳು ವರ್ಷ. ಜುಲೈ ತಿಂಗಳು, ಇಲ್ಲಿ ಹಲ್ಲು ಕಟಕಟ ಅನ್ನೋ ಚಳಿ, ಅವಳ ಮೈಮೇಲೆ ತೆಳ್ಳನೆ ಹತ್ತಿ ಬಟ್ಟೆ! ಇದ್ದ ಒಂದೇ ಸ್ವೆಟರ್ ನಂಗೆ ಹಾಕಿದ್ಲು. ಆಸ್ಪತ್ರೆಯ ಬಟ್ಟೆ ಒಗೆಯೋ ಕೆಲಸ. ಕೈಯ ಚರ್ಮ ಸುಲಿದು ಹೋಗ್ತಿತ್ತು, ಆ ಕೈಯಲ್ಲೇ ನನ್ನ ಜಡೆ ಹೆಣೀತಿದ್ಲು. ನೀನು ಹುಟ್ಟಿದ ಮೇಲಂತೂ ಕೇಳ್ಬೇಡ! ನಾನು ಕೆಲಸಕ್ಕೆ ಹೋದ್ರೆ ನಿನ್ನ ತಾಯಿ ಅವಳೇ. ಮಳೆ ಬಂದ್ರೆ ಸ್ಕೂಲಿನ ಗೇಟಲ್ಲಿ ಕೊಡೆ ಹಿಡ್ಕೊಂಡು ಗಂಟೆಗಟ್ಲೆ ನಿಂತಿರ್ತಿದ್ಲು. ನೆನಪಿದ್ಯಾ? ಟಾರೋ ಗೆಡ್ಡೆ ಬೇಯಿಸಿ ಡಬ್ಬಿಗೆ ಹಾಕ್ತಿದ್ಲು, ನೀನು ನಾಚ್ಕೊಂಡು ಮುಚ್ಚಿಟ್ಕೊಂಡು ತಿಂತಿದ್ದೆ!

ಯಾಕೆ ನಿಲ್ಲಿಸ್ದೆ? ಬಿಚ್ಚು.

ಒಂದು ಸಲ... ಪೊಲೀಸರು ಬೆಳಗಾಗೋ ಮುಂಚೆ ನಮ್ಮಂಥೋರ ಬಾಗಿಲು ಬಡಿದು ಇಲ್ಲಿರೋಕೆ ಪರವಾನಗಿ ಕಾಗದ ಕೇಳ್ತಿದ್ದ ಕಾಲ. ನಮ್ಮ ಹತ್ರ ಕಾಗದ ಇತ್ತಪ್ಪ. ಆದ್ರೂ ಹೆದರಿಕೆ. ನನ್ನ ಬಟ್ಟೆ ಬುಟ್ಟಿಯಲ್ಲಿ ಕೂರಿಸಿ, ಮೇಲೆ ತಾನು ಅರ್ಧ ನೇಯ್ದ ಚಾಪೆ ಮುಚ್ಚಿದ್ಲು. ಕೇದಗೆ ಎಲೆಯ ವಾಸನೆ... ಇನ್ನೂ ಮೂಗಲ್ಲಿದೆ.

ಹೂಂ, ಆ ಕಳೆದುಹೋದ ಚಾಪೇನೇ. ಅವಳಮ್ಮ ಊರಲ್ಲಿ ಶುರು ಮಾಡಿದ್ದು, ಇವಳು ಇಪ್ಪತ್ತೈದು ವರ್ಷ ನೇಯ್ದು ಮುಗಿಸಿದ್ದು. ರೇಷ್ಮೆ ಹಾಗೆ ಕೈಯಿಂದ ಜಾರ್ತಿತ್ತು. "ನನ್ನ ಪೆಟ್ಟಿಗೆ ಮೇಲೆ ಇದೊಂದು ಹೊದಿಸಿ, ಬೇರೇನೂ ಬೇಡ" ಅಂತಿದ್ಲು. ಈಗ ಅದ್ಯಾಕೆ? ಆದದ್ದು ಆಯ್ತು. ಆಗ ನೀನೂ ಚಿಕ್ಕವಳು, ಹತ್ತೊಂಬತ್ತು ವರ್ಷ. ಅವಳು ಮಂಡಿ ಆಪರೇಷನ್‌ಗೆ ಹೋಗಿದ್ದಾಗ ನೀನು ಹಳೇ ಹಾಸಿಗೆ ಕಸಕ್ಕೆ ಅಂತ ರಸ್ತೆಗಿಟ್ಟೆ, ಅಡಿಯಲ್ಲಿದ್ದ ಚಾಪೆ ನೋಡ್ಲಿಲ್ಲ, ಕಸದ ಲಾರಿಯವರು ಹೊತ್ಕೊಂಡು ಹೋದ್ರು. ದೊಡ್ಡಮ್ಮ ಎಲ್ಲರೆದುರಿಗೆ ನಿನ್ನ ಬೈದಿದ್ದು ತಪ್ಪು, ನಾನೂ ಒಪ್ತೀನಿ. ಅಜ್ಜಿ ಒಂದು ಮಾತೂ ಆಡ್ಲಿಲ್ಲ ನೋಡು. ಊರುಗೋಲು ಹಿಡ್ಕೊಂಡು ಬೀದಿಬೀದಿ ಕಸದ ರಾಶಿ ಕೆದಕಿ ಬಂದ್ಲು, ಅಷ್ಟೆ... ಬಂದು ಕೈ ತೊಳ್ಕೊಂಡು, "ಮಗು ಊಟ ಮಾಡಿದ್ಯಾ?" ಅಂತ ಕೇಳಿದ್ಲು.

ಏನೇ ಅದು? ಯಾಕೆ ಆ ಮೂಲೆ ಹಾಗೆ ಸವರ್ತಿದೀಯ?

ತೋರಿಸಿಲ್ಲಿ.

...

ಇದಾ? ಅಯ್ಯೋ, ಎಲ್ಲ ಚಾಪೇನೂ ಒಂದೇ ಥರ ಇರುತ್ತೆ. ಮೂರು ಎಳೆ ತಪ್ಪಿದೆ, ಅಷ್ಟೆ ತಾನೆ! ಎಷ್ಟು ಮಕ್ಕಳು ಅಜ್ಜಿ ಪಕ್ಕ ಕೂತು ಎಳೆ ತಪ್ಪಿಸ್ತಾರೆ. ನೀನೊಬ್ಬಳೇನಾ? ನಿನ್ನಜ್ಜಿಯೊಬ್ಬಳೇ ಏನು "ಬಿಚ್ಚಬೇಡಿ, ಅದು ನನ್ನ ಮೊಮ್ಮಗಳ ಕೈ" ಅಂದಿರೋದು?

ಬೈದಾದ್ರೂ ಬೈಯೇ.

ಲಾಂಗಿ...

ಸರಿ. ಕಸದ ಲಾರಿಗೆ ಹೋದದ್ದು ಓತಾರಾದವರ ಮನೆಯಿಂದ ಹೇಗೆ ಬರುತ್ತೆ? ನಿಂಗೂ ಬುದ್ಧಿ ಇದೆ. ನೀನು ಎಸೀಲಿಲ್ಲ. ನಾನು ಕೊಟ್ಟೆ. ನಿಮ್ಮ ತಾತ, ನಿಮ್ಮಪ್ಪನ ಅಪ್ಪ, ಅದೇ ವಾರ ಸತ್ತರಲ್ಲ, ನೀನು ಆಸ್ಪತ್ರೆಯಲ್ಲಿ ಅಜ್ಜಿ ಪಕ್ಕ ಇದ್ದೆ... ಉಳಿದ ಸೊಸೆಯಂದಿರು ಕಟ್ಟುಕಟ್ಟು ಚಾಪೆ ತಂದಿದ್ರು. ನಾನು ಬಟ್ಟೆ ಒಗೆಯೋಳ ಮಗಳು, ಬರಿಗೈಲಿ ಹೋದ್ರೆ ನಗಲ್ವಾ? ಅಮ್ಮನ ಹಾಸಿಗೆ ಅಡಿಯಿಂದ ತೆಗೆದೆ. ಅಂಗಳದಲ್ಲಿ ಬಿಡಿಸಿ ಹಿಡಿದಾಗ ಎಲ್ಲ "ಆಹಾ!" ಅಂತ ಕೂಗಿದ್ರು. ಸುಖ ಆಯ್ತು ಕಣೇ ನಂಗೆ! ಥೂ, ನನ್ನ ಜನ್ಮಕ್ಕೆ... ಆಮೇಲೆ ಅವರು ಇನ್ಯಾರದೋ ಸಾವಿಗೆ ಕೊಟ್ರು, ಅವರು ಇನ್ಯಾರಿಗೋ. ನಮ್ಮಲ್ಲಿ ಚಾಪೆ ಒಂದು ಕಡೆ ನಿಲ್ಲುತ್ತಾ? ತಿರುಗಿ ಬರುತ್ತೆ ಅಂತ ಹೊಳೀಲೇ ಇಲ್ಲ. ನಿನ್ನ ಮೇಲೆ ಹಾಕ್ದೆ. ನೀನು ಚಿಕ್ಕವಳು, ಎಲ್ಲರೂ ಮರೀತಾರೆ ಅನ್ಕೊಂಡೆ. ನೀನು ಮನೇನೇ ಬಿಟ್ಟು ಹೋದೆ.

ಹೇಳಿದ್ನಲ್ಲ, ಎಲ್ಲ ಹೇಳಿಬಿಟ್ಟೆ. ಇನ್ನೇನು ಉಳೀತು? ನಾಳೆ ಇದನ್ನೇ ಹೊದಿಸೋಣ, ಇಬ್ಬರೂ ಹಿಡ್ಕೊಂಡು ಹೋಗೋಣ, ಎಲ್ಲರೆದುರಿಗೆ ನಾನೇ ಹೇಳ್ತೀನಿ, ದೊಡ್ಡಮ್ಮನ ಎದುರಿಗೂ. ಆಯ್ತಾ?

ಯಾಕೆ ಇನ್ನೂ ಹಾಗೇ ನೋಡ್ತೀಯ?

ನೋಡಬೇಡ ಹಾಗೆ. ಅವಳ ಕಣ್ಣೇ ನಿಂದು.

...ಫೋನ್ ವಿಷಯಾನಾ?

ದಿಢೀರ್ ಅಲ್ಲ. ಆಯ್ತಾ? ದಿಢೀರ್ ಅಲ್ಲ. ಡಾಕ್ಟರು ಸೋಮವಾರವೇ ಹೇಳಿದ್ರು, ಬರೋರನ್ನ ಕರೆಸಿ ಅಂತ. ಫೋನು ನನ್ನ ಕೈಲೇ ಇತ್ತು. ನೀನು ಬಂದು ಅವಳ ಪಕ್ಕ ಕೂತ್ರೆ... ಚಾಪೆ ಮಾತು ಬರುತ್ತೆ, ನೀವಿಬ್ಬರೂ ಒಂದಕ್ಕೊಂದು ಜೋಡಿಸ್ತೀರ ಅಂತ ಭಯ ಆಯ್ತು. ನಾಳೆ ಮಾಡೋಣ, ನಾಳೆ ಮಾಡೋಣ ಅಂತ...

ಅವಳು ಚಾಪೆ ಕೇಳ್ಲೇ ಇಲ್ಲ ಮಗಳೇ. ಕಣ್ಣು ಬಿಟ್ಟಾಗೆಲ್ಲ "ಲಾಂಗಿ ಬಂದ್ಲಾ?" ಅಂತ ಒಂದೇ ಮಾತು. ನಾನು ಅವಳ ಕೈ ಸವರಿ, "ವಿಮಾನದಲ್ಲಿದ್ದಾಳೆ ಅಮ್ಮ, ಇನ್ನೇನು ಇಳೀತಾಳೆ" ಅಂತಿದ್ದೆ. ನಂಬಿ ಬಾಗಿಲು ನೋಡ್ಕೊಂಡು ಮಲಗ್ತಿದ್ಲು.

ನಾಲ್ಕು ದಿನ. ನಾಲ್ಕು ದಿನವೂ ನಿನ್ನನ್ನ ವಿಮಾನದಲ್ಲೇ ಇಟ್ಟಿದ್ದೆ.