ಆನೆ ಬರಲಿಲ್ಲವೆಂದು ತಿರಸ್ಕಾರ

ಈ ಸಭೆಯ ಅಧ್ಯಕ್ಷರೂ ನಮ್ಮ ಹಾಲಿನ ಸಂಘದ ಹಿರಿಯರೂ ಆದ ಮುತ್ತರಾಯಪ್ಪನವರೇ, ನನ್ನ ಪಕ್ಕದಲ್ಲಿ ಕೂತು ‘ಐದೇ ನಿಮಿಷ’ ಅಂತ ಬೆರಳು ಬಿಚ್ಚಿ ತೋರಿಸುತ್ತಿರುವ ಮುಖ್ಯೋಪಾಧ್ಯಾಯಿನಿ ಸುಷ್ಮಾ ಟೀಚರ್ ಅವರೇ, ಹಾಲು ಕರೆದು, ಡೈರಿಗೆ ಹಾಕಿ, ಕೈಕಾಲು ತೊಳೆದುಕೊಂಡು ಬಂದಿರುವ ನಾಟ್ರಾಂಪಾಳ್ಯದ ಅಕ್ಕಂದಿರೇ, ಅಣ್ಣಂದಿರೇ, ಸಭಿಕರೇ,

ಕೊಂಡಪ್ಪನ ಮಗಳು ಮಂಗಳಾಗೆ, ಅಂದರೆ ನನಗೆ, ನೀವು ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ಪೇಟ ಇಟ್ಟಿದ್ದೀರಿ. ಪೇಟ ಸ್ವಲ್ಪ ದೊಡ್ಡದಾಯ್ತು, ಕಣ್ಣಿಗೆ ಇಳೀತಾ ಇದೆ. ಪರವಾಗಿಲ್ಲ, ತೆಗೆಯಲ್ಲ. ‘ಆನೆ ಕೂಗು’ ಎಂಬ ಆ್ಯಪನ್ನು ಮಾಡಿ ಊರಿಗೆ ಸೇವೆ ಸಲ್ಲಿಸಿದ್ದಾಳೆ ಅಂತ ಟೀಚರ್ ಹೊಗಳಿದರು. ಸೇವೆಯೂ ಇಲ್ಲ, ಗೀವೆಯೂ ಇಲ್ಲ. ನಮ್ಮಪ್ಪನ್ನ ಅಟ್ಟಣೆಯಿಂದ ಇಳಿಸಬೇಕಿತ್ತು, ಅಷ್ಟೇ.

ನಿಮಗೆ ಗೊತ್ತಿರೋದೇ. ರಾಗಿ ತೆನೆ ಕಟ್ಟಿತು ಅಂದರೆ ನಮ್ಮಪ್ಪ ಕಂಬಳಿ ಎತ್ತಿಕೊಂಡು ರಾತ್ರಿ ಕಾವಲಿಗೆ ಹೊಲದ ಅಟ್ಟಣೆ ಹತ್ತಿದರು ಅಂತಲೇ ಲೆಕ್ಕ. ಎಪ್ಪತ್ತು ದಾಟಿದ ಮನುಷ್ಯ. ಹೋದ ವರ್ಷ ಆನೆ ಬಂದು ಅಟ್ಟಣೆಯ ಕಂಬಕ್ಕೆ ಮೈ ಉಜ್ಜಿಕೊಂಡು ಹೋಯ್ತು. ಇವರು ಮೇಲೆ ಉಸಿರು ಹಿಡಿದು ಕೂತಿದ್ದರಂತೆ. ಅದನ್ನ ನಮ್ಮಮ್ಮ ಭದ್ರಮ್ಮ ಹೇಳಿದ ದಿನದಿಂದ ನನಗೆ ಅನ್ನ ಇಳಿಯಲಿಲ್ಲ. ಬೇಡಪ್ಪಾ, ಆನೆ ಕಂಡೋರು ಗುಂಡಿ ಒತ್ತಿದರೆ ಎಲ್ಲರ ಫೋನೂ ಕೂಗೋ ಹಾಗೆ ಮಾಡ್ಕೊಡ್ತೀನಿ ಅಂದೆ. ಏನಂದರು ಗೊತ್ತಾ? “ನೀನು ಫೋನಲ್ಲಿ ಆಟ ಆಡ್ಕೊಂಡಿರು. ಊರೋರೆಲ್ಲ ಹಾಕ್ಕೊಂಡ ದಿನ ಇಳೀತೀನಿ.” ಅವಲಪಲ್ಲೀಲಿ ಪಂಚರ್ ಅಂಗಡಿ ಮೇಲೆ ಆಫೀಸು ಮಾಡ್ಕೊಂಡು ಇಷ್ಟು ವರ್ಷದಿಂದ ಆ್ಯಪ್ ಮಾಡಿ ದುಡೀತಾ ಇದೀನಿ, ಅದು ಆಟವಂತೆ!

ಆ್ಯಪ್ ಮಾಡೋದು ಕಷ್ಟ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ಅದು ಸಲೀಸು. ಅದನ್ನ ಫೋನಿನ ಆ್ಯಪ್ ಅಂಗಡೀಲಿ ಇಡಿಸೋದಿದೆಯಲ್ಲ, ಅಲ್ಲಿದೆ ಮಾರಿಹಬ್ಬ. ಆ ಕಂಪನಿಯೋರು ಪರೀಕ್ಷೆ ಮಾಡಿ ‘ಹೂಂ’ ಅಂದರೇನೇ ಊರಿಗೆಲ್ಲ ಸಿಗೋದು. ಅಲ್ಲೀವರೆಗೆ ಪ್ರಯೋಗಕ್ಕೆ ಅಂತ ಒಂದಷ್ಟು ಫೋನಿಗೆ ಮಾತ್ರ. ಪರೀಕ್ಷೆ ಮಾಡೋರು ಯಾರು? ಯಾವ ದೇಶದೋರು? ದೇವರೇ ಬಲ್ಲ. ತಾಲ್ಲೂಕು ಕಚೇರೀಲಾದರೆ ಎದುರಿಗೆ ನಿಂತು ಜಗಳವಾದರೂ ಆಡಬಹುದು. ಇವರಿಗೆ ಮುಖವೂ ಇಲ್ಲ, ಫೋನ್ ನಂಬರೂ ಇಲ್ಲ. ‘ಪರಿಶೀಲನೆಯಲ್ಲಿದೆ’ ಅನ್ನೋ ಒಂದೇ ಮಾತು. ಬೆಳಗ್ಗೆ ನೋಡಿದರೂ ಪರಿಶೀಲನೆ, ಸಂಜೆ ನೋಡಿದರೂ ಪರಿಶೀಲನೆ. ಇಲ್ಲಿ ರಾಗಿ ತೆನೆ ಬಲೀತಾ ಇದೆ, ಅಲ್ಲಿ ಪರಿಶೀಲನೆ!

ಕೊನೆಗೊಂದು ದಿನ ನನ್ನ ಜೊತೆ ಕೆಲಸ ಮಾಡೋ ಸೆಲ್ವಿ ಕುರ್ಚಿ ತಿರುಗಿಸಿ, “ಅಕ್ಕಾ, ರಿಜೆಕ್ಟ್ ಪಣ್ಣಿಟ್ಟಾಂಗ” ಅಂತ ತಮಿಳಲ್ಲಿ ಅಂದಳು, ತಿರಸ್ಕಾರ ಮಾಡಿಬಿಟ್ಟರಂತೆ. ಕಾರಣ ಏನಿರಬಹುದು, ಸಭಿಕರೇ? ‘ನಿಮ್ಮ ಆ್ಯಪ್ ತೆರೆದರೆ ಏನೂ ಕಾಣುವುದಿಲ್ಲ. ಬಳಸುವವರಿಗೆ ಇದರಿಂದ ಉಪಯೋಗ ಸಾಲದು.’ ಅಯ್ಯೋ ನನ್ನ ಕರ್ಮವೇ! ಆನೆ ಬಂದಿಲ್ಲ, ಅದಕ್ಕೇ ಏನೂ ಕಾಣಲ್ಲ! ಖಾಲಿ ಇದ್ದರೆ ಊರು ಸುಖವಾಗಿದೆ ಅಂತ ಅರ್ಥ! ಬರೆದೆ, ಬಿಡಿಸಿ ಬಿಡಿಸಿ ಬರೆದೆ. ಮತ್ತೆ ಪರಿಶೀಲನೆ. ಮತ್ತೆ ರಿಜೆಕ್ಟು. ಈ ಸಲ, ‘ಬಳಕೆದಾರರು ಇರುವ ಜಾಗ ನಿಮಗೇಕೆ ಬೇಕು?’ ಯಾಕೆ ಬೇಕು ಸ್ವಾಮಿ, ಸಂಬಂಧ ಬೆಳೆಸೋಕಾ? ಮೇಜು ಗುದ್ದಿದೆ. ಟೀ ಚೆಲ್ಲಿತು, ಸೆಲ್ವಿ ಒರೆಸಿದಳು.

ಆಮೇಲೆ ಅವಳೇ ಉಪಾಯ ಹೇಳಿದಳು. ಪರೀಕ್ಷೆ ಮಾಡೋರಿಗೆ ‘ಡೆಮೊ’ ಅನ್ನೋ ಹೆಸರಲ್ಲಿ ಒಂದು ಖಾತೆ ಮಾಡಿಕೊಡೋಣ, ಗುಂಡಿ ಒತ್ತಿ ನೋಡಲಿ ಅಂತ. ಸರಿ, ಮಾಡಿದೆ. ಡೆಮೊ ನಿಂತಿರೋದಕ್ಕೆ ಒಂದು ಜಾಗ ತೋರಿಸಬೇಕಲ್ಲ, ನನ್ನ ತಲೇಲಿ ಸದಾ ಇರೋದು ಒಂದೇ ಜಾಗ. ನಮ್ಮಪ್ಪನ ಹೊಲ ಹಾಕಿದೆ. ಪ್ರಯೋಗಕ್ಕೆ ಹಾಕಿಕೊಟ್ಟ ನಿಮ್ಮ ಫೋನುಗಳೂ ಅದೇ ತಂತಿಗೆ ಸೇರಿವೆ ಅನ್ನೋದು, ಸತ್ಯವಾಗಲೂ, ಹೊಳೆಯಲಿಲ್ಲ.

ಇನ್ನು ನಮ್ಮೂರ ಪದ್ಧತಿ ನಿಮಗೆ ನಾನು ಹೇಳಬೇಕಾ? ಕಾವಲಲ್ಲಿ ಒಬ್ಬ ‘ಹೋ’ ಅಂತ ಕೂಗಿದರೆ ಅಕ್ಕಪಕ್ಕದ ಹೊಲದೋರೆಲ್ಲ ‘ಹೋ’ ಅನ್ನಬೇಕು. ಆಮೇಲೆ ಕೂಗಿದೋನು ‘ಓ’ ಅನ್ನಬೇಕು. ಅಂದರೆ ಕ್ಷೇಮ. ಅನ್ನಲಿಲ್ಲವೋ, ಉಣ್ಣೋ ತಟ್ಟೆ ಬಿಟ್ಟು ಊರೇ ಎದ್ದು ಹೋಗಬೇಕು. ಅದನ್ನೇ ನಾನು ಆ್ಯಪಿಗೂ ಹಾಕಿದ್ದೆ; ಫೋನಲ್ಲಿ ‘ಹೋ’ ಅಂದರೆ ಆ ದನಿ ಕೂಗಿದೋರಿಗೆ ಹೋಗಿ ಮುಟ್ಟುತ್ತೆ.

ಒಂದು ಸಂಜೆ, ದೀಪ ಹಚ್ಚೋ ಹೊತ್ತಲ್ಲಿ, ಆ ದೂರದ ಪುಣ್ಯಾತ್ಮ ಗುಂಡಿ ಒತ್ತಿದ. ಇಲ್ಲಿ ನಿಮ್ಮ ಫೋನೆಲ್ಲ ಬಡ್ಕೊಂಡವು. ‘ಕೊಂಡಪ್ಪನ ಹೊಲದಲ್ಲಿ ಆನೆ. ಕೂಗಿದವರು: ಡೆಮೊ.’ ನೀವು ‘ಹೋ’ ಅಂದಿರಿ. ಡೆಮೊ ‘ಓ’ ಅನ್ನಲಿಲ್ಲ. ಅವನಿಗೇನು ಗೊತ್ತು ಪಾಪ, ಅವನು ಅಲ್ಲಿ ಕಾಫಿ ಕುಡೀತಾ ಇದ್ದನೋ ಏನೋ! ತಮಟೆ, ತಗಡು, ಪಟಾಕಿ, ಬ್ಯಾಟ್ರಿ, ನಾಟ್ರಾಂಪಾಳ್ಯವೇ ಹೊಲಕ್ಕೆ ಇಳಿಯಿತು. ಮುನಿಗಂಗಮ್ಮತ್ತೆ, ನಗಬೇಡಿ, ನೀವೂ ಬೇಲಿ ಸಂದೀಲಿ ಬಗ್ಗಿ ನೋಡ್ತಾ, “ಡೆಮೊ, ಯಾರ ಮನೆ ಮಗ್ನಪ್ಪಾ ನೀನು?” ಅಂತ ಕೂಗಿದ್ದು ರೆಕಾರ್ಡಾಗಿ ನನ್ನ ಹತ್ತಿರ ಇದೆ.

ನಮ್ಮಮ್ಮ ನನಗೆ ಫೋನ್ ಮಾಡಿ, “ಡೆಮೊ ಅನ್ನೋನು ನಿನ್ ಆಫೀಸ್ನೋನೇನೇ? ನಿಮ್ಮಪ್ಪ ಅವನ್ನ ಹುಡುಕ್ಕೊಂಡು ಹಳ್ಳದ ಕಡೆ ಹೋಗ್ಬುಟ್ರು” ಅಂದಳು. ಅಟ್ಟಣೆಯಿಂದ ಇಳಿಸೋಕೆ ಹೋಗಿ ಆನೆ ದಾರಿಗೇ ಇಳಿಸಿಬಿಟ್ಟೆನಲ್ಲ! ಡೆಮೊ ಅನ್ನೋನೇ ಇಲ್ಲಮ್ಮಾ, ಎಲ್ಲರನ್ನೂ ವಾಪಸ್ ಕರೀ ಅಂತ ಕಿರುಚಿದೆ. ಅಪ್ಪ ಹಳ್ಳದಿಂದ ವಾಪಸ್ ಬಂದರು ಅಂತ ಕೇಳೋವರೆಗೆ ಫೋನ್ ಇಡಲಿಲ್ಲ. ಆವತ್ತು ನೀವು ನನಗೆ ಬೈದ ಬೈಗುಳ ಈ ಸಭೆಗೆ ಶೋಭಿಸುವಂಥದ್ದಲ್ಲ.

ಇಷ್ಟಾದ ಮೇಲೂ ಕಂಪನಿಯಿಂದ ಬಂದದ್ದೇನು? ಒಪ್ಪಿಗೆಯಲ್ಲ, ಇನ್ನೊಂದು ಪ್ರಶ್ನೆ. ‘ಅಪರಿಚಿತರ ಧ್ವನಿ ಸಂದೇಶಗಳು ಬಂದಿವೆ. ಜೋರಾಗಿ ಕೂಗಾಡುತ್ತಿದ್ದಾರೆ. ಬೆದರಿಕೆಯೇ? ವಿವರಿಸಿ.’ ಬೆದರಿಕೆ! ಸಿಟ್ಟಿಗೆ ನನಗೆ ನಗು ಬಂತು. ಇರು ಮಾಡ್ತೀನಿ ಅಂತ ಕೂತು, ನಿಮ್ಮ ಒಬ್ಬೊಬ್ಬರ ಮಾತನ್ನೂ ಕೇಳಿ ಕೇಳಿ ಇಂಗ್ಲಿಷಿಗೆ ಇಳಿಸಿದೆ. ‘ಮರ ಹತ್ತಬೇಡ, ಬಂಡೆ ಮೇಲೆ ಹೋಗು ಮಗಾ.’ ‘ಅಲ್ಲೇ ಇರು, ಬಂದ್ವಿ.’ ‘ಊಟ ಮಾಡಿದ್ದೀಯಾ?’ ಇದು ರಾಮಚಂದ್ರಪ್ಪಣ್ಣಂದು, ಆನೆ ಮುಂದೆ ನಿಂತೋನಿಗೆ ಊಟದ ವಿಚಾರ! ಎಲ್ಲ ಕಳಿಸಿದೆ. ಮಾರನೇ ದಿನ ಒಪ್ಪಿಗೆ ಬಂತು. ಸೆಲ್ವಿ ಕೆಳಗಿನ ಪಂಚರ್ ಅಂಗಡಿಯೋರಿಗೂ ಸ್ವೀಟ್ ಹಂಚಿದಳು.

ಊರೋರೆಲ್ಲ ಆ್ಯಪ್ ಹಾಕ್ಕೊಂಡರು, ನಮ್ಮಪ್ಪ ಅಟ್ಟಣೆ ಇಳಿದರು. ಈಗ ಮನೇಲೇ ಮಲಗ್ತಾರೆ. ಯಾಕೆ ಇಳಿದಿರಿ ಅಂತ ಕೇಳಿದೋರಿಗೆಲ್ಲ “ಮಂಡಿ ನೋವು” ಅಂತಾರಂತೆ. ಆ್ಯಪ್ ಚೆನ್ನಾಗಿದೆ ಅಂತ ಇವತ್ತಿನವರೆಗೆ ನನ್ನ ಹತ್ತಿರ ಒಂದು ಮಾತು ಆಡಿಲ್ಲ. ಅಗೋ, ಹಿಂದೆ ಕಂಬಕ್ಕೆ ಒರಗಿ, ಯಾರೋ ಬೇರೆಯೋರ ಮಗಳು ಮಾತಾಡ್ತಾ ಇದಾಳೆ ಅನ್ನೋ ಹಾಗೆ ಕೂತಿದಾರೆ.

ಟೀಚರ್, ಇನ್ನೊಂದು ನಿಮಿಷ. ಇದನ್ನ ಹೇಳಬಾರದು ಅಂದುಕೊಂಡೇ ಬಂದಿದ್ದೆ. ಆ ಸಂದೇಶಗಳಲ್ಲಿ ಕಡೇದು ಹಳ್ಳದ ಕಡೆಯಿಂದ ಬಂದದ್ದು. ಉಸಿರು ಕಟ್ಟಿದ ದನಿ. “ಲೋ ಡೆಮೊ, ಹೆದ್ರಬ್ಯಾಡ ಕಣ್ಲಾ. ಇಲ್ಲಿ ಯಾರೂ ಇಲ್ಲ, ಫೋನು ಸುಳ್ಳು ಹೇಳ್ತದೆ ಅಂತವ್ರೆ ಇವ್ರು. ನನ್ ಮಗ್ಳು ಮಾಡಿರೋದು ಅದು, ಸುಳ್ಳು ಹೇಳಾಕಿಲ್ಲ. ನೀನು ಇಲ್ಲೇ ಎಲ್ಲೋ ಇದೀಯ. ಸಿಗೋಗಂಟ ನಾನು ಹೋಗಾಕಿಲ್ಲ. ಒಂದ್ ಸಲ ಓ ಅನ್ನು ಮಗಾ.”

ಅದನ್ನ ಇಂಗ್ಲಿಷಿಗೆ ಇಳಿಸೋಕೆ ನನಗೆ ಬಹಳ ಹೊತ್ತು ಹಿಡೀತು. ಪರದೆ ಮಂಜು ಮಂಜಾಗಿ ಕಾಣ್ತಿತ್ತು.

ಅಪ್ಪಾ, ಎದ್ದು ಹೋಗಬೇಡ, ಕೂತ್ಕೋ. ಎಲ್ಲರೂ ತಿರುಗಿ ನೋಡಿದರೆ ನೋಡಲಿ. ಕಂಪನಿಯೋರು ಒಪ್ಪೋದಕ್ಕೆ ಮುಂಚೇನೇ ನೀನು ಒಪ್ಪಿದ್ದೆ. ಹುಟ್ಟೇ ಇಲ್ಲದ ಆ ಡೆಮೊಗೆ ಹೇಳಿದೆಯಲ್ಲ, ನನಗೊಂದು ಮಾತು ಹೇಳಬಾರದಿತ್ತಾ?

ಕ್ಷಮಿಸಿ. ಪೇಟ ಮತ್ತೆ ಕಣ್ಣಿಗೆ ಇಳೀತು, ಅದಕ್ಕೇ ಒರೆಸಿಕೊಂಡೆ. ಗುರುತಿಲ್ಲದ ಒಬ್ಬನಿಗಾಗಿ ಹೊಲಕ್ಕೆ ಇಳಿದ ನಿಮಗೆಲ್ಲ ನನ್ನ ವಂದನೆ, ನನ್ನ ಸಿಟ್ಟನ್ನೂ ಟೀಯನ್ನೂ ಒರೆಸಿದ ಸೆಲ್ವಿಗೆ ವಂದನೆ, ಮೈಕ್ ಕಿತ್ತುಕೊಳ್ಳದ ಸುಷ್ಮಾ ಟೀಚರಿಗೆ ವಂದನೆ. ನಮ್ಮಪ್ಪನಿಗೆ ಏನು ಹೇಳಬೇಕೋ ಅದನ್ನ ಮನೆಗೆ ಹೋಗಿ, ಅವರ ಮಂಡಿಗೆ ಎಣ್ಣೆ ಹಚ್ಚುತ್ತಾ ಹೇಳ್ತೀನಿ. ನಮಸ್ಕಾರ.