ಬಾಯಿಗೆ ಬಾರದ ಬೋರ್ಡು

ಗುಬ್ಬಿ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ದೀಪಿಕಾಳಿಗೆ ಮುಂದಿನ ಸೀಟಿನ ತಾಯಿ ಮಗಳ ಮಾತು ಕೇಳಿಸಿತು.

“ರೀಲ್ಸಲ್ಲಿ ‘ಬಸವಪ್ರಭು ಟೈಲರ್ಸ್’ ಅನ್ನಕ್ಕೆ ಏನಮ್ಮ ಕಷ್ಟ? ಅಲ್ಲಿಗೆ ಬಂದ ತಕ್ಷಣ ಬಾಯಿ ಮುಚ್ಕೊಂತೀಯ.”

“ಕಟ್ಕೊಂಡ ಗಂಡನ ಹೆಸ್ರು ಹೆಂಗೇ ಕೂಗ್ಲಿ?”

“ಎದುರುಗಡೆ ಬೊಟಿಕ್‌ನೋಳು ದಿನಾ ರೀಲ್ಸ್ ಹಾಕಿ ನಮ್ ಗಿರಾಕಿನೆಲ್ಲ ಎಳ್ಕೊಂಡವ್ಳೆ. ಹಿಂಗೇ ಆದ್ರೆ ಅಂಗಡಿ ಮುಚ್ಚೋದೇ.”

“‘ನಮ್ಮನೆಯೋರ ಟೈಲರ್ಸ್’ ಅಂದ್ರೆ ಸಾಲ್ದಾ?”

“ಯಾರ ಮನೆಯೋರು ಅಂತ ಜನ ಹುಡುಕ್ಕೊಂಡು ಬರ್ಬೇಕು? ಅಪ್ಪ ಒಂದು ಗುಂಡಿನಾದ್ರೂ ಹೊಲ್ದವ್ರಾ? ಬ್ಲೌಸ್ ಹೊಲಿಯೋಳು ನೀನು!”

ತಾಯಿ ಕತ್ತು ನೀವಿಕೊಂಡಳು. ಗುಬ್ಬಿ ಬಂದಾಗ ಕಂಬಿ ಹಿಡಿದು ಎದ್ದಳು.

“ಬೋರ್ಡಿಗೆ ನನ್ ಹೆಸ್ರೇ ಬರ್ಸೇ, ಉಮಾಮಹೇಶ್ವರಿ ಅಂತ. ಅದನ್ನ ಎಷ್ಟು ಸಲ ಬೇಕಾದ್ರೂ ಕೂಗ್ತೀನಿ. ನಿಮ್ಮಪ್ಪಂಗೆ ಮಾತ್ರ ನೀನೇ ಹೇಳು. ನಂಗೆ ಸುಸ್ತಾಗೈತೆ.”

ಇಬ್ಬರೂ ಇಳಿದುಹೋದರು.