ಚಾಕು ಹಾಕದ ಪುಸ್ತಕ

...ಅದೇನೋ ಒಂದು ಫ್ರೆಂಚ್ ಮಾತು ಹೇಳ್ತಿದ್ದೆಯಲ್ಲ ಗಾಸ್ಪಾರ್, ಹಾಳೆಗಳು ಅಂಚಿನಲ್ಲಿ ಇನ್ನೂ ಕೂಡಿಕೊಂಡೇ ಇರೋ, ಯಾರೂ ಚಾಕು ಹಾಕದ ಪುಸ್ತಕಕ್ಕೆ? ನಾನ್... ನಾನ್ ಕೂ... ಬಾಯಿಗೆ ಬರ್ತಿಲ್ಲ. ನಗ್ತೀಯಾ? ನಗು. ನಿನ್ನ ಕೈಹಿಡಿದು ಬೆಲ್ಜಿಯಂನ ಈ ಲಿಯೇಜಿಗೆ ಬಂದು ಮುದುಕಿಯಾದೆ, ನಾಲಿಗೆ ಮಾತ್ರ ಇನ್ನೂ ಪೋರ್ಚುಗಲ್ಲಿನ ಪೋರ್ಟೋದಲ್ಲೇ ಇದೆ.

ಹಿಡ್ಕೋ. ನಿನ್ನ ಫ್ರೆಂಚ್ ಕ್ರಾಂತಿಯ ಇತಿಹಾಸ, ಮೊದಲ ಮುದ್ರಣದ್ದೇ. ಕಣ್ಣು ಹೋದರೇನು, ಒಂದ್ಸಲ ಕೈಯಲ್ಲಿ ಹಿಡೀಬೇಕು ಅಂತ ಎಷ್ಟು ಪೀಡಿಸಿದೆ ಮಾರಾಯ. ನೀನು ಹೇಳಿ ಹೇಳಿ ಈ ವೃದ್ಧಾಶ್ರಮದ ನರ್ಸುಗಳಿಗೂ ಮನೆಯ ನಿನ್ನ ಪುಸ್ತಕದ ಕಪಾಟು ಬಾಯಿಪಾಠ. ಆಮೇಲೆ ಅಕ್ಕಿ ಟಾರ್ಟ್ ತಿನ್ನುವೆಯಂತೆ, ಒದೀಲ್ ತಂದಿದ್ದಾಳೆ. ನಿನ್ನ ಈ ಮೊಮ್ಮಗಳು ತಾನೇ ಬೇಯಿಸಿದ್ದು.

ಯಾಕೆ, ಹೆಬ್ಬೆರಳು ಯಾಕೆ ಹಾಳೆಯ ಅಂಚಿನಲ್ಲೇ ನಿಂತಿತು?

ಹೂಂ... ಹಾಳೆ ಬಿಡಿಬಿಡಿಯಾಗಿದೆ. ನಾನೇ ಕತ್ತರಿಸಿದೆ. ಬ್ರೆಡ್ಡಿನ ಚಾಕುವಿನಲ್ಲಿ. ನಿನಗೆ ಓದಿ ಹೇಳೋಣ ಅಂತ. ಓದದೆ ಇಟ್ಟ ಪುಸ್ತಕ ಯಾವ ಭಾಗ್ಯಕ್ಕೆ? ಮದುವೆಯಾದ ಹೊಸದರಲ್ಲಿ ಒಂದೇ ಒಂದು ಹಾಳೆ ಬಿಡಿಸಿದ್ದಕ್ಕೆ ಮಾತು ಬಿಟ್ಟಿದ್ದೆ ನೀನು. ಈಗಲೂ ಬೈ. ಪೋರ್ಟೋದ ಕಾಡುಬೆಕ್ಕು ಅಂತಿದ್ದೆಯಲ್ಲ, ಅನ್ನು.

ಮತ್ತೆ ಯಾಕೆ ಹಾಳೆ ತಿರುವ್ತೀಯಾ?

ಮೂಗಿಗೆ ಯಾಕೆ ಹಿಡಿದೆ... ಹಳೇ ವಾಸನೆ ಇಲ್ಲ, ಗೊತ್ತು. ಬಿಸಿಲಿಗಿಟ್ಟಿದ್ದೆ, ಅದಕ್ಕೇ. ಮರುಮುದ್ರಣ ಅಲ್ಲ ಅದು. ಯಾರು ಹಾಗಂದವರು?

ನೀನು ಅನ್ನಲಿಲ್ಲ. ನಾನೇ ಅಂದೆ.

ಗಾಸ್ಪಾರ್... ಆ ಪ್ರವಾಹದಲ್ಲಿ ನದಿ ನೀರು ಬೀದಿಯಲ್ಲೇ ನಿಂತಿತು ಅಂದಿದ್ದೆನಲ್ಲ. ನಿಲ್ಲಲಿಲ್ಲ. ಮನೆಯೊಳಗೆ ಬಂತು. ನಾನು ಮೇಲಿನ ಮೆಟ್ಟಿಲ ಮೇಲೆ ಕೂತು ನೋಡಿದೆ, ಇನ್ನೇನು ಮಾಡ್ಲಿ. ಮೊದಲು ಕೆಳಸಾಲಿನ ಭಾಷಣದ ಪುಸ್ತಕಗಳು ಮುಳುಗಿದವು, ಆಮೇಲೆ ಕರಪತ್ರಗಳು... ಕಪಾಟು ಊದಿಕೊಂಡು ಬಾಗಿಲೇ ತೆರೀಲಿಲ್ಲ. ಒಡೆಸೋ ಹೊತ್ತಿಗೆ ನಿನ್ನ ಇತಿಹಾಸ ಗಂಜಿ. ಒಂದೂ ಉಳೀಲಿಲ್ಲ. ಇದು ಮರುಮುದ್ರಣವೇ, ಭಾನುವಾರದ ಸಂತೆಯಲ್ಲಿ ಸಿಕ್ಕಿದ್ದು, ಹಾಳೆ ಮೊದಲೇ ಬಿಡಿಯಾಗಿತ್ತು. ಹೇಳಿದರೆ ನೀನು ಉಳೀತೀಯೋ ಇಲ್ವೋ ಅಂತ...

ಬೈಯೋಕಾಗದಿದ್ದರೆ ಕೈಯಾದರೂ ಕೊಡು.

ಏನದು? ಮಂಚದ ಕಂಬಿ ಯಾಕೆ ಸವರ್ತೀಯಾ? ಎಡದಿಂದ ಬಲಕ್ಕೆ... ಒಂದೊಂದು ಕಡೆ ನಿಲ್ಲಿಸಿ... ಕಪಾಟಿನ ಮೇಲಿನ ಸಾಲಾ? ತುಟಿ ಅಲ್ಲಾಡ್ತಿದೆ. ಪುಸ್ತಕಗಳ ಹೆಸರು ಹೇಳ್ತಿದ್ದೀಯಾ? ತಡಿ, ಮೆಲ್ಲಗೆ. ನನಗೆ ಆ ಹೆಸರುಗಳು ಯಾವತ್ತೂ ನಿಲ್ಲಲಿಲ್ಲ.

ಒದೀಲ್, ಬಾ ಮಗಾ, ಟಾರ್ಟ್ ಆಮೇಲೆ ಕುಯ್ಯಿ. ಅಜ್ಜನ ಬಾಯಿಗೆ ಕಿವಿ ಇಟ್ಟು ಬರ್ಕೋ. ಕೇಳಿಸದಿದ್ದರೂ ಕೂತಿರು.